ಪಾತ್ರೆ ತೊಳೆಯುವ ಮೊದಲು ಹೆಪ್ಪು

ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಹುಲ್ಲಹಳ್ಳಿಯ ನಮ್ಮ ಕಂಪ್ಯೂಟರ್ ಮೇಷ್ಟ್ರ ತೋರುಬೆರಳಿನ ತುದಿ ಸದಾ ಮೊಸರನ್ನದಿಂದ ಬೆಳ್ಳಗಿರುತ್ತಿತ್ತು. ಅವರ ಕೀಬೋರ್ಡಿನ ಎಂಟರ್ ಕೀಲಿಯನ್ನು ಬೆಕ್ಕುಗಳು ನೆಕ್ಕಿ ನೆಕ್ಕಿ ಅಕ್ಷರವೇ ಅಳಿಸಿಹೋಗಿತ್ತು. ಏಳು ಬೆಕ್ಕು. ಸರಿ, ಎರಡು.

ಪಾಠದಲ್ಲೂ ಮೊಸರೇ. "ಇಮೇಜ್ ಅಂದ್ರೆ ಚಿತ್ರ ಅಲ್ಲ, ತಂತ್ರಾಂಶ ಎತ್ತಿಟ್ಟ ಅಚ್ಚು, ಹೆಪ್ಪು ಕಣವ್ವ. ಅದ್ರಿಂದ ಎಬ್ಬಿಸಿದ ಕಂಟೇನರು ಪಾತ್ರೇಲಿರೋ ಮೊಸರು. ನಿನ್ ತಂತ್ರಾಂಶ ಓಡೋದು ಅದ್ರೊಳಗೆ. ಹೆಪ್ಪು ಎತ್ತಿಡ್ದೆ ಪಾತ್ರೆ ತೊಳುದ್ರೆ ಎಲ್ಲಾ ಹೋಯ್ತು." ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಜಾಗ ಸಾಲದೆಂದು ಪ್ರತಿ ಶನಿವಾರ ಸಂಜೆ ಎಲ್ಲರ ಕಂಟೇನರುಗಳನ್ನೂ ಅಳಿಸುತ್ತಿದ್ದರು.

ಸೋಮವಾರ ನರಸೀಪುರದಲ್ಲಿ ವಿಜ್ಞಾನ ಪ್ರದರ್ಶನ. ನಾಲೆ ನೀರು ಯಾರ ಗದ್ದೆಗೆ ಯಾವಾಗ ಎಂದು ಕನ್ನಡದಲ್ಲಿ ಹೇಳುವ ನನ್ನ ತಂತ್ರಾಂಶ ಅಲ್ಲಿಗೆ ಹೋಗಬೇಕಿತ್ತು. ವಾರವಿಡೀ ಮಾಡಿದ ಕೆಲಸವೆಲ್ಲ ಕಂಟೇನರಿನೊಳಗೇ ಇತ್ತು, ಬೇರೆಲ್ಲೂ ಒಂದು ಸಾಲೂ ಇಲ್ಲ. ಶನಿವಾರ ನಾನು ಬೇಕರಿಯಲ್ಲಿ ಕೂತು ಗೆಳತಿಯರ ಮುಂದೆ ಜಂಬ ಕೊಚ್ಚುತ್ತಿದ್ದೆ. ಐದೂವರೆಗೆ ನೆನಪಾಗಿ ಓಡಿದೆ. ಒಂದು ಚಪ್ಪಲಿ ಬಸ್‌ಸ್ಟ್ಯಾಂಡಿನಲ್ಲೇ ಉಳಿಯಿತು.

ಲ್ಯಾಬಿನಲ್ಲಿ ಉಳಿದ ಪರದೆಗಳೆಲ್ಲ ಆರಿದ್ದವು. ಇನ್ನೂ ಉರಿಯುತ್ತಿದ್ದ ನನ್ನದೊಂದರ ಮುಂದೆ ಮೇಷ್ಟ್ರು ಕೂತಿದ್ದರು.

"ತೊಳದುಬುಟ್ರಾ ಸಾ?"

"ಹೆಪ್ಪು ಎತ್ತಿಟ್ಟಿದ್ಯಾ?"

"ಇಲ್ಲ ಸಾ."

"ಗೊತ್ತಿತ್ತು. ಅದ್ಕೇ ಮನೆಗ್ ಹೋಗೋ ತಗಡೂರು ಬಸ್ ಬುಟ್ಟು ಕೂತಿವ್ನಿ."

ತಾವೇ ಮಾಡಬಹುದಿತ್ತು, ಮಾಡಲಿಲ್ಲ. ನನ್ನ ಕೈಯಲ್ಲೇ ಕಮಿಟ್ ಎಂಬ ಒಂದು ಸಾಲಿನ ಆಜ್ಞೆ ಹೊಡೆಸಿದರು. ಇದ್ದ ಕಂಟೇನರು ಇದ್ದ ಹಾಗೇ ಹೊಸ ಇಮೇಜಾಯಿತು. ಆಮೇಲೆ, "ಈಗ ಪಾತ್ರೆ ನೀನೇ ತೊಳಿ" ಎಂದರು. ಕಣ್ಣು ಮುಚ್ಚಿಕೊಂಡು ಕಂಟೇನರನ್ನು ಅಳಿಸಿದೆ. ಹೊಸ ಇಮೇಜಿನಿಂದ ಇನ್ನೊಂದನ್ನು ಎಬ್ಬಿಸಿದೆ. ನನ್ನ ನಾಲೆ, ನನ್ನ ಗದ್ದೆ, ನನ್ನ ಕನ್ನಡ, ಎಲ್ಲ ಇತ್ತು. ನಾನೇನೂ ಅಳಲಿಲ್ಲ. ಕೀಬೋರ್ಡ್ ಮಾತ್ರ ಒದ್ದೆಯಾಗಿತ್ತು.

ಸೋಮವಾರ ಆ ಇಮೇಜನ್ನು ಪೆನ್‌ಡ್ರೈವಿನಲ್ಲಿ ಒಯ್ದು ನರಸೀಪುರದ ಕಂಪ್ಯೂಟರಿನಲ್ಲಿ ಓಡಿಸಿದೆ. ತೀರ್ಪುಗಾರರು ಬೆರಗಾಗಿ ಕೇಳಿದರು, "ಈ ಉಪಾಯ ಯಾರು ಹೇಳ್ಕೊಟ್ರಮ್ಮ?"

"ಯಾರೂ ಇಲ್ಲ ಸಾ. ಕನಸಲ್ಲಿ ಹೊಳೀತು."

ಇನ್ನೂ ರೈಲು ಬಿಡುತ್ತಿದ್ದೆ, ಅಷ್ಟರಲ್ಲಿ ಅಪ್ಪ ಒಳಗೆ ಬಂದರು. ಹಿಂದೆಯೇ ಬುತ್ತಿ ಡಬ್ಬಿ ಹಿಡಿದ ಮೇಷ್ಟ್ರು.

"ಕನಸಲ್ಲಿ ಬಂದೋರು ಇವ್ರೇಯೇನವ್ವ?" ಎಂದರು ಅಪ್ಪ.

ಪೆನ್ನು ತೆಗೆದು, ಮೇಜಿನ ಮೇಲಿದ್ದ ನನ್ನ ಪ್ರದರ್ಶನ ಫಲಕದಲ್ಲಿ ನನ್ನ ಹೆಸರಿನ ಮೇಲ್ಗಡೆ ಮೇಷ್ಟ್ರ ಹೆಸರು ಬರೆದೆ. ಅವರು ಅದನ್ನು ತೋರುಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರು. ಅಲ್ಲೊಂದು ಮೊಸರಿನ ಕಲೆ ಉಳಿಯಿತು. ಫಲಕ ಈಗಲೂ ಮನೆಯಲ್ಲಿದೆ, ತೊಳೆದಿಲ್ಲ.