ಎನಿಡ್ ಥ್ರಪ್ ಹೇಳದೆ ಬಿಟ್ಟ ಕೊನೆಯ ಮಾತು

ಸ್ಕೆಲ್ಬಿ ಊರಿನ ಕಟುಕ ಒಂದು ವಾರವಿಡೀ ಎನಿಡ್ ಥ್ರಪ್‌ಳ ಮುಖ ನೋಡಲಿಲ್ಲ. ಮಾಂಸದ ಪೊಟ್ಟಣವನ್ನು ಹೆಂಡತಿಯ ಕೈಯಲ್ಲಿ ಕೊಡಿಸಿ ತಾನು ಒಳಗೆ ಹೋಗಿಬಿಡುತ್ತಿದ್ದ. ಆ ವಾರ ಆಕೆ ರಂಗದ ಮೇಲೆ ದಿನಾ ಗಂಡನಿಗೆ ವಿಷ ಹಾಕುತ್ತಿದ್ದಳು. ಮರುವಾರ ಆಕೆ ಪಾದ್ರಿಯ ತಂಗಿಯ ಪಾತ್ರ ಮಾಡಿದ ಮೇಲೆ ಅವನೇ ಕರೆದು ಮಾತಾಡಿಸಿ, ಒಂದು ತುಂಡು ಲಿವರ್ ಹೆಚ್ಚಿಗೆ ಹಾಕಿದ. ಎನಿಡ್‌ಗೆ ಸಿಕ್ಕ ಪ್ರಶಸ್ತಿಗಳೆಲ್ಲ ಈ ಬಗೆಯವೇ.

ಟೋಪಿ ಅಂಗಡಿಯ ಕೆಲಸ ಬಿಟ್ಟು ಅಲೆಮಾರಿ ನಾಟಕ ಕಂಪನಿ ಸೇರಿದಾಗ ಆಕೆಗಿನ್ನೂ ಹದಿನೇಳು. ಮೊದಲ ಪಾತ್ರ ಹೆಣದ್ದು, ಅದರಲ್ಲೂ ಸೀನಿದಳು. ಆಮೇಲೆ ಕೆಲಸದಾಕೆ, ದಾದಿ, ಸೋದರತ್ತೆ ಎಂದು ಜೀವನ ಸಾಗಿತು. ಒಮ್ಮೆ ಮಾತ್ರ ರಾಣಿಯಾಗಿದ್ದಳು. ಬಟ್ಟೆ ಅವರವರೇ ಹೊಂದಿಸಿಕೊಳ್ಳಬೇಕಾದ ಕಾಲ. ಉಳಿದುಕೊಂಡಿದ್ದ ಮನೆಯ ಕಿಟಕಿ ಪರದೆಯನ್ನೇ ನಿಲುವಂಗಿ ಮಾಡಿಕೊಂಡಿದ್ದಳು. ಮೂರನೇ ಸಾಲಿನಲ್ಲಿ ಕೂತಿದ್ದ ಮನೆಯೊಡತಿ ರಾಣಿಯ ಮರಣದಂಡನೆಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಲಂಡನ್ ಆಕೆಯನ್ನು ಒಮ್ಮೆ ಕರೆಯಿತು. ಆ ದಿನ ಗಂಟಲು ಕಟ್ಟಿತ್ತು. ಕೊನೆಗೆ ಸ್ಕೆಲ್ಬಿ. ಕಡಲೊಳಕ್ಕೆ ಚಾಚಿದ ಮರದ ಕಟ್ಟೆಯ ತುದಿಯ ರಂಗಮಂದಿರದಲ್ಲಿ, ಹಲಗೆಯ ಕೆಳಗೆ ಅಲೆಗಳು ಉಸಿರಾಡುವುದನ್ನು ಕೇಳುತ್ತ, ಆಕೆ ಮುದುಕಿಯಾದಳು.

ಅಲ್ಲಿ ವಾರಕ್ಕೊಂದು ಹೊಸ ನಾಟಕ. ಬೆಳಿಗ್ಗೆ ಮುಂದಿನ ವಾರದ್ದರ ತಾಲೀಮು, ಸಂಜೆ ಈ ವಾರದ್ದರ ಆಟ. ಹೋದ ವಾರದ ಮಾತು ಈ ವಾರ ಬಾಯಿಗೆ ಬರುವುದು ಮಾಮೂಲು. ಪತ್ತೇದಾರನೊಬ್ಬ ಕೊಲೆಗಾರನ ಮುಂದೆ ಮಂಡಿಯೂರಿ ಮದುವೆ ಕೇಳಿದ್ದೂ ಉಂಟು. ಎನಿಡ್ ಮಾತ್ರ, ಮರೆತ ಮಾತನ್ನು ಮರೆಯಿಂದ ಹೇಳಿಕೊಡುವ ಪ್ರಾಂಪ್ಟರ್ ಕಡೆ ಎಂದೂ ತಿರುಗಿದವಳಲ್ಲ. ಬೇರೇನಿಲ್ಲದಿದ್ದರೂ ಆ ಹೆಮ್ಮೆಯೊಂದಿತ್ತು.

ಆಕೆಗೆ ಎಪ್ಪತ್ತು ತುಂಬಿದ ವರ್ಷ, ಅಂದರೆ ತಾನು ಐವತ್ತೆಂಟು ಎಂದು ಹೇಳಿಕೊಳ್ಳುತ್ತಿದ್ದ ವರ್ಷ, ಡೆಸ್ಮಂಡ್ ಪೈಲ್ ಎಂಬ ಹೊಸ ನಿರ್ದೇಶಕ ಬಂದ. ಅವನು ಆರಿಸಿದ ನಾಟಕದಲ್ಲಿ ಕೊನೆಯ ಮಾತು ಅಜ್ಜಿಯದು, ಅಜ್ಜಿ ಎನಿಡ್. ಇಷ್ಟು ವರ್ಷದಲ್ಲಿ ನಾಟಕ ಮುಗಿಸುವ ಮಾತು ಆಕೆಗೆ ಸಿಕ್ಕಿದ್ದು ಇದೇ ಮೊದಲು. ಆದರೆ ಹಳೆಯ ನಟರ ಕಟ್ಟಳೆಯೊಂದಿದೆ: ಕೊನೆಯ ಸಾಲನ್ನು ತಾಲೀಮಿನಲ್ಲಿ ಆಡಕೂಡದು, ಆಡಿದರೆ ಆಟ ಕೆಡುತ್ತದೆ. ಹಾಗಾಗಿ ಆ ಜಾಗ ಬಂದಾಗಲೆಲ್ಲ ಎನಿಡ್ "ಟಂ ಟಂ ಟಟಂ" ಎಂದು ಎದ್ದುಬಿಡುತ್ತಿದ್ದಳು.

ಪೈಲ್‌ಗೆ ಇದು ನೆಪವೆನಿಸಿತು. ಮುದುಕಿಗೆ ಮರೆವು ಬಂದಿದೆ ಎಂದುಕೊಂಡ.

"ಮಿಸ್ ಥ್ರಪ್, ನಿಮಗೆ ಆ ಸಾಲು ಗೊತ್ತಿದೆ ತಾನೆ?"

"ಗೊತ್ತಿದೆ ಮಗೂ. ಸೋಮವಾರ ಟಿಕೆಟ್ ತಗೊಂಡು ಬಾ, ಕೇಳಿಸ್ತೀನಿ."

ಎಲ್ಲರೂ ನಕ್ಕರು. ಪೈಲ್ ನಗಲಿಲ್ಲ. ಸೋಮವಾರದ ಆಟದಲ್ಲಿ ಒಂದೇ ಒಂದು ಸಲ ಪ್ರಾಂಪ್ಟ್ ಬೇಕಾದರೂ ಚಳಿಗಾಲದ ಆಟಗಳಿಗೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ತಣ್ಣಗೆ ಹೇಳಿದ. ರಂಗಮಂದಿರ ಬಿಟ್ಟರೆ ಎನಿಡ್‌ಗೆ ಸ್ಕೆಲ್ಬಿಯಲ್ಲಿ ಇದ್ದದ್ದು ಒಂದು ಬಾಡಿಗೆ ಕೋಣೆ ಮತ್ತು ಯಾರನ್ನೂ ಹತ್ತಿರ ಸೇರಿಸದ ಒಂದು ಬೆಕ್ಕು.

ಸೋಮವಾರ ಎರಡು ಅಂಕ ನೀರು ಹರಿದ ಹಾಗೆ ಹೋದವು. ಮೂರನೆಯದರಲ್ಲಿ ಮನೆಮಂದಿಯೆಲ್ಲ ಕಿತ್ತಾಡಿ ಒಬ್ಬೊಬ್ಬರಾಗಿ ಹೊರಟುಹೋದರು. ಅಜ್ಜಿ ಚಹಾದ ಮೇಜಿನ ಮುಂದೆ ಒಬ್ಬಳೇ ಉಳಿದಳು. ಎನಿಡ್ ಬಾಯಿ ತೆರೆದಳು. ತಲೆಯೊಳಗೆ ಇದ್ದದ್ದು ಟಂ ಟಂ ಟಟಂ ಒಂದೇ. ಅದರ ಹಿಂದೆ ಏನೂ ಇರಲಿಲ್ಲ.

ಮೂಲೆಯಲ್ಲಿ ಪ್ರಾಂಪ್ಟರ್ ಹುಡುಗಿ ತುಟಿ ಬಿಚ್ಚುವುದು ಕಣ್ಣಂಚಿಗೆ ಬಿತ್ತು. ಎನಿಡ್ ಅವಳನ್ನು ಎಂಥ ದೃಷ್ಟಿಯಲ್ಲಿ ನೋಡಿದಳೆಂದರೆ ಹುಡುಗಿ ತುಟಿ ಮುಚ್ಚಿಕೊಂಡಳು. ಆಮೇಲೆ ಎನಿಡ್ ನಿಧಾನವಾಗಿ ಚಹಾ ಬಗ್ಗಿಸಿದಳು. ಸಕ್ಕರೆ ಹಾಕಿದಳು. ಕಲಕಿದಳು. ಖಾಲಿ ಕುರ್ಚಿಗಳನ್ನು ಒಂದೊಂದಾಗಿ ನೋಡಿದಳು, ಅವುಗಳಲ್ಲಿ ಎಲ್ಲಾದರೂ ಆ ಸಾಲು ಕೂತಿರಬಹುದೇ ಎಂದು. ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದು ನಟನೆಯಲ್ಲ. ಕೆಳಗೆ ಕಡಲು ಒಮ್ಮೆ ನಿಟ್ಟುಸಿರಿಟ್ಟಿತು. ಸಭೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. ಆಕೆ ಕಪ್ಪನ್ನು ತಟ್ಟೆಯ ಮೇಲಿಟ್ಟಳು, ಟಣ್ ಎಂದಿತು.

ಪರದೆ ಎಳೆಯುವ ವಿಲ್ಫ್ ಆಡಿ ಎಂಬವನಿಗೆ ಒಂದು ಕಿವಿ ಮಂದ. ಆ ಸಾಲನ್ನು ಅವನೂ ಎಂದೂ ಕೇಳಿರಲಿಲ್ಲ. ಹೇಳಿ ಮುಗಿಸಿದಳೆಂದುಕೊಂಡು ಹಗ್ಗ ಬಿಟ್ಟ.

ಚಪ್ಪಾಳೆಗೆ ಹಲಗೆಗಳು ನಡುಗಿದವು. ಕಟುಕ ಎದ್ದು ನಿಂತು ಅಳುತ್ತಿದ್ದ.

ಪೈಲ್ ಓಡಿಬಂದ. ಅವನ ಕಣ್ಣೂ ಕೆಂಪಾಗಿತ್ತು. "ಆ ಸಾಲನ್ನ ಬಿಟ್ಟೇ ಬಿಟ್ರಲ್ಲ ಮಿಸ್ ಥ್ರಪ್! ಮಾತೇ ಬೇಡ ಅಂತ ನಿಮಗೆ ಹ್ಯಾಗೆ ಹೊಳೀತು?"

"ಹೊಳೀಲಿಲ್ಲ ಮಗೂ. ಮರೆತೆ."

"ಸಾಕು ಬಿಡಿ. ದೊಡ್ಡ ಕಲಾವಿದರೆಲ್ಲ ಹೀಗೇ ಹೇಳೋದು."

ಎನಿಡ್ ಮತ್ತೊಮ್ಮೆ ನಿಜ ಹೇಳಿದಳು. ಅವನು ಆಕೆಯ ವಿನಯಕ್ಕೆ ಇನ್ನಷ್ಟು ಕರಗಿದ. ಚಳಿಗಾಲದ ಮೊದಲ ನಾಟಕದಲ್ಲೇ ಆಕೆಗೊಂದು ಪಾತ್ರ ಕೊಡುತ್ತೇನೆಂದ: ಮಾತು ಬಾರದ ಮುದುಕಿ, ಒಂದು ಸಾಲೂ ಇಲ್ಲ.

ಸಾವಿರಾರು ಪುಟ ಬಾಯಿಪಾಠ ಮಾಡಿದವಳು ಕನ್ನಡಿಯ ಮುಂದೆ ಕೂತಳು.

"ಎಷ್ಟು ಹೊತ್ತು ಇರ್ತಾಳೆ ಅವಳು?"

"ಮೂರೂ ಅಂಕ. ಕಿಟಕಿ ಹತ್ರ ಕೂತಿರ್ತಾಳೆ."

"ಜನರ ಕಡೆ ಮುಖ ಮಾಡ್ಕೊಂಡೋ, ಬೆನ್ನು ಹಾಕ್ಕೊಂಡೋ?"

"ಮುಖ ಮಾಡ್ಕೊಂಡು."

"ಹಾಗಾದ್ರೆ ಸರಿ," ಎಂದು ಎನಿಡ್ ಅಜ್ಜಿಯ ನರೆಗೂದಲ ವಿಗ್ ತೆಗೆದು ತನ್ನ ನರೆಗೂದಲು ಬಾಚಿಕೊಳ್ಳತೊಡಗಿದಳು.