ಮೊಳೆಗೆ ನೇತುಬಿದ್ದ ಬ್ಯಾಡ್ಜ್

ನನ್ನ ಭಾವ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಜನರ ಮೂಳೆ ನೋಡಿದವರು. ಮುಖಗಳು ಅವರಿಗೆ ನೆನಪಿರುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ಕೈಮುಗಿದರೆ, "ಎಡಗಡೆ ಮೊಣಕೈ ಅಲ್ವಾ?" ಎನ್ನುತ್ತಿದ್ದರು.

ನಾನು ನಗೆಬರಹ ಬರೆದು ಹೊಟ್ಟೆ ಹೊರೆಯುವವನು. ಒಂದು ವಾರ ಪತ್ರಿಕೆಯ ಆರೋಗ್ಯ ಪುಟದ ವೈದ್ಯರು ಕೈಕೊಟ್ಟಾಗ ಆ ಜಾಗ ತುಂಬಿಸುವ ಕೆಲಸ ನನ್ನ ತಲೆಗೆ ಬಿತ್ತು. ಅರಿಶಿನ, ಬೆಳ್ಳುಳ್ಳಿ, ದ್ರಾಕ್ಷಿ, ಹಸಿರು ಸೊಪ್ಪುಗಳಲ್ಲಿರುವ ಅಂಶಗಳು ವಿಕಿರಣದ ಪೆಟ್ಟಿನಿಂದ ಜೀವಕೋಶಗಳನ್ನು ಕಾಪಾಡಬಲ್ಲವು ಎಂದು ಎಲ್ಲೋ ಓದಿದ್ದನ್ನು ಗಂಭೀರ ಮುಖ ಮಾಡಿಕೊಂಡು ಬರೆದೆ. ಇದು ಇಲಿಗಳಲ್ಲಿ ಕಂಡದ್ದು, ಮನುಷ್ಯರ ವಿಷಯ ಇನ್ನೂ ಖಚಿತವಿಲ್ಲ ಎಂಬ ಕೊನೆಯ ಸಾಲು ಜಾಗ ಸಾಲದೆ ಹಾರಿಹೋಯಿತು. ನಾನು ಕೇಳಲು ಹೋಗಲಿಲ್ಲ. ನಾನು ಬರೆದದ್ದನ್ನು ಯಾರಾದರೂ ನಂಬಿದ ಅನುಭವ ನನಗೆ ಅಲ್ಲಿಯವರೆಗೆ ಇರಲಿಲ್ಲ.

ಭಾವ ನಂಬಿದರು. ಅಕ್ಕ ದಿನಾ ಬೆಳಿಗ್ಗೆ ಸೊಪ್ಪು ರುಬ್ಬಿ, ಹಸಿ ರಸವನ್ನು ಬಾಟಲಿಗೆ ತುಂಬಿ ಕಳಿಸತೊಡಗಿದಳು. ಅಳುವ ಮಕ್ಕಳನ್ನೂ ನಡುಗುವ ಮುದುಕರನ್ನೂ ಅಲ್ಲಾಡದಂತೆ ಭಾವನೇ ಹಿಡಿದುಕೊಳ್ಳುತ್ತಿದ್ದರು. ಸಹಾಯಕಿ ವಿಕಿರಣ ದಾಟದ ಗೋಡೆಯ ಹಿಂದೆ ನಿಂತು ಗುಂಡಿ ಒತ್ತುತ್ತಿದ್ದಳು. ವಿಕಿರಣ ತಡೆಯಲು ಆಗ ತೊಡುವ ಸೀಸದ ಏಪ್ರನ್ ಮೂಟೆಯಷ್ಟು ಭಾರ, ಅವರಿಗೋ ಸೊಂಟನೋವು. ರಸ ಶುರುವಾದ ತಿಂಗಳೇ ಏಪ್ರನ್ ಆ ಗೋಡೆಯ ಹಿಂದಿನ ಮೊಳೆ ಸೇರಿತು.

"ಅದನ್ನ ಹಾಕ್ಕೊಳ್ಳಿ ಭಾವ."

"ನೀನೇ ಬರೆದಿದ್ದೀಯಲ್ಲಯ್ಯ. ನಿನಗೇ ನಿನ್ನ ಮೇಲೆ ನಂಬಿಕೆ ಇಲ್ವಾ?"

"ನನ್ನ ಹೆಂಡತಿಗೂ ಇಲ್ಲ."

"ಅವಳು ಬ್ಯಾಡ್ಜ್ ವರದಿ ನೋಡಿಲ್ಲ, ಬಿಡು."

ಬ್ಯಾಡ್ಜ್ ಎಂದರೆ ಮೈಗೆ ತಾಕಿದ ವಿಕಿರಣ ಅಳೆಯುವ ಪುಟ್ಟ ಬಿಲ್ಲೆ. ಮೂರು ತಿಂಗಳಿಗೊಮ್ಮೆ ಅದರ ವರದಿ ಬರುತ್ತದೆ. ಮೊದಲು ಅಲ್ಪಸ್ವಲ್ಪ ಇರುತ್ತಿದ್ದ ಅಂಕಿ ರಸದ ನಂತರ ಸೊನ್ನೆಯಾಯಿತು. ಆರು ವರ್ಷ ಬರೀ ಸೊನ್ನೆ. ಭಾವ ಅವನ್ನೆಲ್ಲ ಅಡುಗೆಮನೆಯ ಗೋಡೆಗೆ ಅಂಟಿಸಿದರು. ಸೊನ್ನೆ ತೆಗೆದವರನ್ನು ಹೊಗಳಿದ ಮನೆ ಅದೊಂದೇ ಇರಬೇಕು. ನನಗೂ ಒಳಗೊಳಗೇ ಹೆಮ್ಮೆ.

ಈ ವರ್ಷ ಅವರ ಒಸಡಿನಲ್ಲಿ ರಕ್ತ ಕಂಡಿತು, ಜ್ವರ ಬಿಡಲಿಲ್ಲ. ರಕ್ತದ ಕ್ಯಾನ್ಸರ್.

"ಕೆಲಸದಿಂದಲೇ ಬಂತು ಅಂತ ಹೇಳೋಕಾಗಲ್ಲ. ಬ್ಯಾಡ್ಜ್‌ನಲ್ಲಿ ಏನೂ ಇಲ್ಲ," ಎಂದರು ವೈದ್ಯೆ.

ಭಾವನ ಕನ್ನಡಕ ತರಲು ಎಕ್ಸ್‌ರೇ ಕೋಣೆಗೆ ಹೋದೆ. ಮೊಳೆಯಲ್ಲಿ ಏಪ್ರನ್ ಇತ್ತು, ಹೆಗಲ ಮೇಲೆ ಧೂಳು. ಅದರ ಒಳಮೈಯಲ್ಲಿ, ಎದೆಯ ಹತ್ತಿರ, ಬ್ಯಾಡ್ಜ್.

"ಅದು ಯಾವಾಗ್ಲೂ ಅಲ್ಲೇ ಇರುತ್ತೆ ಸರ್," ಎಂದಳು ಸಹಾಯಕಿ. "ಬದಲಾಯಿಸೋವಾಗೆಲ್ಲ ನಾನೇ ಹೊಸದು ಸಿಕ್ಕಿಸ್ತೀನಿ."

ಆರು ವರ್ಷ ನಾವು ಓದಿದ್ದು ಆ ಮೊಳೆಯ ಆರೋಗ್ಯ.

ವಾರ್ಡಿಗೆ ಮರಳಿದಾಗ ಅಕ್ಕ ಲೋಟ ತೊಳೆಯಲು ಹೋಗಿದ್ದಳು. ಭಾವ ನನ್ನ ಮುಖ ನೋಡಿದರು. ಮುಖ ಓದಲು ಬಾರದ ಮನುಷ್ಯನಿಗೆ ಅಂದು ಹೇಗೆ ಬಂತೋ.

"ನೋಡಿದೆಯಾ?"

"ಹೂಂ."

"ನನಗೂ ಇಲ್ಲಿ ಮಲಗಿದ ಮೇಲೇ ಹೊಳೀತು. ನಿಮ್ಮಕ್ಕನಿಗೆ ಹೇಳಬೇಡ. ಆರು ವರ್ಷ ನಸುಕಿಗೇ ಎದ್ದಿದ್ದಾಳೆ."

ಈಗ ಅವರಿಗೆ ಹಸಿಯದೇನೂ ಕೊಡಬಾರದು, ಸೋಂಕಾಗುತ್ತದೆ ಎಂದು ನರ್ಸ್ ನನಗೆ ತಾಕೀತು ಮಾಡಿದ್ದಾಳೆ. ಅಕ್ಕ ಮಾತ್ರ, ಅದು ತಿಳಿಯದೆ, ಭಾವನಿಗೆ ಕುಡಿಸೆಂದು ದಿನಾ ಬಾಟಲಿ ತಂದು ನನ್ನ ಕೈಗಿಡುತ್ತಾಳೆ. ನಾನು ಮೆಟ್ಟಿಲ ಮರೆಗೆ ಹೋಗಿ ಕುಡಿದು, ಖಾಲಿ ಬಾಟಲಿ ಮರಳಿಸುತ್ತೇನೆ.

"ಪೂರ್ತಿ ಕುಡಿದ್ರಾ?"

"ಪೂರ್ತಿ," ಎನ್ನುತ್ತೇನೆ.