ಚೆನ್ನಾಗಿರೋರು ಯಾರು?

ನಮ್ಮ ಸ್ಟಾಫ್ ರೂಮಿನಲ್ಲಿ ಆಕೆಗೆ ಇಟ್ಟ ಹೆಸರು ಅಪಶಕುನ. ಶಾಲೆಯಲ್ಲಿ ಅವಘಡವಾದಾಗ ಮಾತ್ರ ಕಾಲಿಡುವ ಮನಃಶಾಸ್ತ್ರಜ್ಞೆಗೆ ಇನ್ನೇನು ಹೆಸರಿಡಬೇಕು? ಆಕೆಗೂ ಅದು ಗೊತ್ತಿತ್ತು. "ಒಳ್ಳೇದಕ್ಕೆ ನನ್ನನ್ನ ಯಾರು ಕರೀತಾರೆ? ನನ್ನ ಮಗನ ಮದುವೆಗೆ ಕರೆದಿದ್ದೇ ಹೆಚ್ಚು," ಎಂದು ತಾನೇ ನಗುತ್ತಿದ್ದಳು. ಮೊದಲು ಪರೀಕ್ಷೆಗೆ ಹೆದರುವ ಮಕ್ಕಳಿಗೆ ಧೈರ್ಯ ಹೇಳುತ್ತಿದ್ದವಳು, ಶಾಲೆಯ ಬಸ್ಸೊಂದು ಮಗುಚಿದ ವರ್ಷ ಈ ದಾರಿ ಹಿಡಿದಳಂತೆ. ಆಮೇಲೆ ಊಟದ ಹೊತ್ತಿಗೆ ಫೋನ್ ಬಂದರೆ ಗಂಡ ಏನೂ ಕೇಳದೆ ಆಕೆಯ ತಟ್ಟೆ ಮುಚ್ಚಿಡುತ್ತಿದ್ದನಂತೆ. ಅವರ ಸಂಸಾರ ಹಾಗೇ ನಡೆದಿತ್ತು.

ನಮ್ಮಲ್ಲಿ ಮೆಟ್ಟಿಲ ಕಂಬಿ ಮುರಿದು, ಏಳನೇ ತರಗತಿಯ ಹುಡುಗಿಯೊಬ್ಬಳು ಕೆಳಗೆ ಬಿದ್ದು ಸತ್ತಳು. ಆ ತರಗತಿ ನನ್ನದು. ಕಂಬಿ ಅಲುಗಾಡುತ್ತಿದೆ ಎಂದು ನಾನು ಬಾಯಿ ಬಡಿದುಕೊಂಡಾಗ ಕಿವಿಗೆ ಹಾಕಿಕೊಳ್ಳದವರು ಈಗ ಈಕೆಯನ್ನು ಕರೆಸಿ ಕೈತೊಳೆದುಕೊಳ್ಳುತ್ತಿದ್ದಾರೆ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.

ಅಳುತ್ತಿದ್ದ ಮಕ್ಕಳನ್ನೆಲ್ಲ ಲೈಬ್ರರಿಯಲ್ಲಿ ಕೂರಿಸಿದ್ದೆ. ಆಕೆ ಅವರ ತಲೆ ಸವರಿ, "ಅಳಲಿ, ಜೊತೆಗೆ ಯಾರಾದ್ರೂ ಕೂತಿರಿ," ಎಂದವಳೇ ನನ್ನತ್ತ ತಿರುಗಿ, "ಚೆನ್ನಾಗಿರೋರು ಯಾರು?" ಎಂದಳು.

"ಅಂದ್ರೆ?"

"ಅಳದೆ, ಹೊತ್ತುಹೊತ್ತಿಗೆ ಊಟ ಮಾಡ್ಕೊಂಡು, ಎಲ್ಲರಿಗಿಂತ ಗಟ್ಟಿಯಾಗಿರೋ ಮಗು. ಅದನ್ನ ಮೊದಲು ತೋರಿಸಿ."

ಎಲಾ ಇವಳ! ಹಲ್ಲುನೋವಿನವನನ್ನು ಬಿಟ್ಟು ಹಲ್ಲು ಗಟ್ಟಿಯಿರುವವನ ಬಾಯಿ ತೆಗೆಸುವ ವೈದ್ಯೆ! ಆದರೂ ಹೇಳಿದೆ. ಸತ್ತವಳ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಣ್ಣದ ಪೆನ್ಸಿಲ್ಲು, ಕೂದಲ ಕ್ಲಿಪ್ಪು, ಕೈಗಡಿಯಾರ ಎಲ್ಲವನ್ನೂ ಎರಡೇ ದಿನದಲ್ಲಿ ನಗುನಗುತ್ತ ಒಬ್ಬೊಬ್ಬರಿಗೆ ಕೊಟ್ಟುಬಿಟ್ಟಿದ್ದಳು. ನನಗೂ ಅವಳ ಮೆಚ್ಚಿನ ಪೆನ್ನು ಸಿಕ್ಕಿತ್ತು. "ಚಿನ್ನದಂಥ ಮನಸ್ಸು ಆ ಹುಡುಗಿದು," ಎಂದು ಹೆಮ್ಮೆಯಿಂದಲೇ ಹೇಳಿದೆ.

ಆಕೆಯ ಮುಖ ಬಿಳಿಚಿಕೊಂಡಿತು. "ಸಾವಿನ ಸುದ್ದೀನ ಮಕ್ಕಳಿಗೆ ಯಾರು ಹೇಳಿದ್ದು? ಏನಂತ ಹೇಳಿದ್ರು?"

ಹೆಡ್‌ಮಾಸ್ಟರ್ ಹೇಳಿದ್ದರು, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ಮೈಕಿನಲ್ಲಿ. ಪಾಪ, ಕಲ್ಲುಮನಸ್ಸಿನವರಲ್ಲ. ಸತ್ತಳು ಎನ್ನಲು ಬಾಯಿ ಬರಲಿಲ್ಲ. "ಅವಳು ನೋವೇ ಇಲ್ಲದ ಚೆಂದದ ಜಾಗಕ್ಕೆ ಹೋಗಿದ್ದಾಳೆ. ಅಲ್ಲಿ ನಮಗಾಗಿ ಕಾಯ್ತಿರ್ತಾಳೆ," ಎಂದಿದ್ದರು. ಕೇಳಿ ನಾವೆಲ್ಲ ಕಣ್ಣೊರೆಸಿಕೊಂಡಿದ್ದೆವು.

"ಅಯ್ಯೋ! ನಡೀರಿ, ಮೊದಲು ಅವಳನ್ನ ಕರೀರಿ," ಎಂದಳು ಆಕೆ.

ಖಾಲಿಯಿದ್ದ ಸಂಗೀತದ ಕೋಣೆಯಲ್ಲಿ ಆ ಹುಡುಗಿಯನ್ನು ಎದುರು ಕೂರಿಸಿಕೊಂಡಳು. ಸುತ್ತಿ ಬಳಸಿ ಮಾತಾಡಲಿಲ್ಲ. "ಅವಳ ಹತ್ರ ಹೋಗ್ಬೇಕು ಅನ್ನಿಸ್ತಿದೆಯಾ ಮಗಳೇ? ನಾನೂ ಸಾಯ್ಬೇಕು ಅಂತ?"

ನನಗೆ ಮೈಯೆಲ್ಲ ಉರಿದುಹೋಯಿತು. "ರೀ, ಏನ್ ಮಾತಾಡ್ತಿದ್ದೀರಿ? ಇಲ್ಲದ್ದನ್ನ ಮಗು ತಲೆಗೆ ತುಂಬ್ತೀರಾ?" ಎಂದು ಎದ್ದೇ ನಿಂತೆ. ಆಕೆ ಹುಡುಗಿಯ ಮೇಲಿಟ್ಟ ಕಣ್ಣು ಕದಲಿಸಲಿಲ್ಲ.

"ಹೂಂ," ಎಂದಳು ಹುಡುಗಿ, ಹೊತ್ತ ಭಾರ ಇಳಿಸಿದಂತೆ. "ಅವಳಿಗೆ ಒಬ್ಬಳೇ ಇರೋಕೆ ಭಯ ಆಂಟಿ. ಸರ್ ಹೇಳಿದ್ರಲ್ಲ, ಕಾಯ್ತಿರ್ತಾಳೆ ಅಂತ."

ನಾನು ಕುರ್ಚಿ ಎಳೆದು ಹುಡುಗಿಯ ಪಕ್ಕದಲ್ಲಿ ಕೂತೆ.

"ಅವಳು ಎಲ್ಲೂ ಕಾಯ್ತಿಲ್ಲ ಕಂದಾ. ಸತ್ತುಹೋದಳು. ಅವಳಿಗೀಗ ಭಯ ಇಲ್ಲ, ನೋವಿಲ್ಲ, ಒಬ್ಬಳೇ ಇದ್ದೀನಿ ಅಂತಲೂ ಅನ್ನಿಸಲ್ಲ. ನೀನು ಎಲ್ಲಿಗೆ ಹೋದ್ರೂ ಅವಳು ಸಿಗಲ್ಲ."

ಆಗ ಅತ್ತಳು ನೋಡಿ! ಮಗುವೊಂದು ಹಾಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ. ಆಕೆ ಅವಳನ್ನು ಅವುಚಿಕೊಂಡೇ, "ತಾಯಿಗೆ ಈಗಲೇ ಫೋನ್ ಮಾಡಿ. ಇವಳನ್ನ ಒಂದು ಗಳಿಗೆನೂ ಒಂಟಿಯಾಗಿ ಬಿಡಬಾರದು. ಡಾಕ್ಟರ ಹತ್ರ ನಾನೂ ಜೊತೆಗೆ ಬರ್ತೀನಿ ಅಂತ ಹೇಳಿ," ಎಂದಳು. ನಂಬರು ಒತ್ತಿ ಹೇಳಿದೆ. ಸದ್ಯ, ಗಂಡಾಂತರ ತಪ್ಪಿತು ಎಂದು ಉಸಿರು ಬಿಟ್ಟೆ.

ಹುಡುಗಿ ಬಿಕ್ಕುತ್ತಲೇ ತಲೆಯೆತ್ತಿದಳು. "ಹಾಗಾದ್ರೆ ತಮ್ಮನಿಗೂ ಹೇಳಿ ಮಿಸ್. ಅವನೂ ನನ್ನ ಜೊತೆ ಬರ್ತೀನಿ ಅಂದಿದ್ದಾನೆ."

ಅವಳ ತಮ್ಮ ಇದ್ದದ್ದು ಕೆಳಗಿನ ಮಹಡಿಯಲ್ಲಿ, ಎರಡನೇ ತರಗತಿ. ಆಕೆ ಹುಡುಗಿಯ ಕೈ ಬಿಡುವಂತಿರಲಿಲ್ಲ. ನಾನೇ ಓಡಿದೆ. ತರಗತಿಯ ಹೊರಗೆ ಅವನೊಬ್ಬನೇ ನಿಂತಿದ್ದ, ಬ್ಯಾಗು ಹೆಗಲಿಗೇರಿಸಿ, ಬೂಟಿನ ಲೇಸು ಬಿಗಿದುಕೊಂಡು. ನನ್ನನ್ನು ಕಂಡು ನಕ್ಕ.

"ಮಿಸ್, ಅಕ್ಕ ರೆಡಿನಾ?" ಎಂದು ಕೇಳಿದ.